ತಂಗಿಯ ಮುಖ ನೋಡಿ, ರಿಪೋರ್ಟ್ ಆಮೇಲೆ

ಓದುಗರೊಬ್ಬರು ಬರೆದಿದ್ದಾರೆ: "28 ವರ್ಷದ ನನ್ನ ತಂಗಿಗೆ ಐಟಿಪಿ (ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗುವ ಕಾಯಿಲೆ) ಅಂದಿದ್ದಾರೆ. ಪ್ಲೇಟ್‌ಲೆಟ್ 34,000. ಡಾಕ್ಟರ್ ಮಾತ್ರೆ ಬರೆಯಲಿಲ್ಲ, ಪ್ಲೇಟ್‌ಲೆಟ್ಟೂ ಹಾಕಲಿಲ್ಲ. ವಾರ ಬಿಟ್ಟು ಬನ್ನಿ ಅಂದರು. ಇದು ನಿರ್ಲಕ್ಷ್ಯ ಅಲ್ವಾ?"

ಅಲ್ಲ, ತಾಯಿ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಒಂದೂವರೆ ಲಕ್ಷ ಇರಬೇಕಾದ ಕಡೆ 34,000 ಕಂಡರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತಂಗಿಯ ತೋಳಿನ ಮೇಲೆ ಎರಡು ನೀಲಿ ಕಲೆ ಬಿಟ್ಟರೆ ಎಲ್ಲೂ ರಕ್ತ ಬಂದಿಲ್ಲ. ಅದನ್ನು ನೀವು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಮೊದಲ ಸಾಲಿನಲ್ಲಿ ಇರಬೇಕಿತ್ತು.

ಇದು ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ. ಮೈ ಕಾಯಬೇಕಾದ ಪ್ರತಿಕಾಯಗಳೇ ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತವೆ, ಅಂಟಿದ್ದನ್ನು ಗುಲ್ಮ (ಸ್ಪ್ಲೀನ್) ನುಂಗುತ್ತದೆ. ಹೊರಗಿನಿಂದ ಹಾಕಿದ್ದಕ್ಕೂ ಅದೇ ಗತಿ. ಅದಕ್ಕೇ ಜೋರು ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಹಾಕುವುದಿಲ್ಲ. ಇದನ್ನು ಕಂಡುಕೊಂಡ ಬಗೆ ಕೇಳಿ. 1950ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ಇಂಥ ರೋಗಿಯ ರಕ್ತವನ್ನು ತಮ್ಮ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕೌಂಟ್ ಪಾತಾಳಕ್ಕಿಳಿಯಿತು, ಫಿಟ್ಸ್ ಬಂತು. ಬದುಕಿದರು. ಕಾರಣ ರಕ್ತದಲ್ಲೇ ಇದೆ ಅಂತ ಗೊತ್ತಾಯಿತು.

30,000ಕ್ಕಿಂತ ಮೇಲಿದ್ದು ರಕ್ತಸ್ರಾವ ಇಲ್ಲದ ದೊಡ್ಡವರಿಗೆ ಸ್ಟಿರಾಯ್ಡ್ ಮಾತ್ರೆ ಕೊಡದೆ ಕಾದು ನೋಡುವುದು ಒಪ್ಪಿತ ಕ್ರಮ. ಸ್ಟಿರಾಯ್ಡ್ ಸಣ್ಣ ಮದ್ದಲ್ಲ. ಸಕ್ಕರೆ ಏರುತ್ತದೆ, ನಿದ್ದೆ ಹಾರುತ್ತದೆ, ಮೂಳೆ ಸವೆಯುತ್ತದೆ.

ನನಗೂ ಒಮ್ಮೆ 41,000 ಅಂತ ದಪ್ಪಕ್ಷರದ ರಿಪೋರ್ಟ್ ಬಂದಿತ್ತು. ಮನೆಯಲ್ಲಿ ಆ ರಾತ್ರಿ ಯಾರೂ ಊಟ ಮಾಡಲಿಲ್ಲ. ಮರುದಿನ ಒಬ್ಬ ಹಿರಿಯ ಡಾಕ್ಟರ್ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ನೇರಳೆ ಮುಚ್ಚಳದ ಟ್ಯೂಬಿನ ರಾಸಾಯನಿಕದಿಂದ ಪ್ಲೇಟ್‌ಲೆಟ್‌ಗಳು ಗುಂಪು ಕಟ್ಟಿದ್ದವು. ಮೆಷಿನ್ ಗುಂಪನ್ನು ಬಿಡಿಬಿಡಿಯಾಗಿ ಎಣಿಸಲಾರದು. ಬೇರೆ ಟ್ಯೂಬಿನಲ್ಲಿ ಎರಡು ಲಕ್ಷ! ಈಗ ರಿಪೋರ್ಟ್ ಡಾಕ್ಟರಿಗಿಂತ ಮೊದಲು ಇಡೀ ಬಳಗದ ಫೋನಿಗೆ ಹೋಗುತ್ತದೆ. ಕಣ್ಣು, ಬಾಯಿ, ಚರ್ಮ ನೋಡಿ ಮಾತಾಡುವ ವೈದ್ಯರನ್ನು "ಏನೂ ಮಾಡಲಿಲ್ಲ" ಅನ್ನುತ್ತೇವೆ. ನನಗೆ ಇದು ತುಂಬಾ ನೋವಿನ ವಿಷಯ.

ತಂಗಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮೂಗಿನ ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ, ತಲೆನೋವು ಜಾಸ್ತಿಯಾದರೆ ವಾರ ಕಾಯಬೇಡಿ, ತಕ್ಷಣ ಓಡಿ. ಮುಂದಿನ ಪತ್ರದಲ್ಲಿ ಅವಳು ಹೇಗಿದ್ದಾಳೆ, ಸುಸ್ತು ಎಷ್ಟಿದೆ, ಮೊದಲಿನ ಹಾಗೆ ನಗುತ್ತಾಳಾ, ಅದನ್ನು ಬರೆಯಿರಿ.