ಮೇ 13ರ ಕೇಕು

ದಾವಣಗೆರೆಯ ಓದುಗರೇ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಿಮ್ಮ ಕಾಗದ ನಾಲ್ಕು ಪುಟ ಇದೆ. ಅಷ್ಟನ್ನೂ ಅಚ್ಚು ಹಾಕೋಕೆ ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೆ ಅದರಲ್ಲಿರೋದನ್ನ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ನಾನು ಐವರಿ ಕೋಸ್ಟ್‌ನ ಫುಟ್‌ಬಾಲ್ ಆಟಗಾರ ಯಾಯಾ ಟೂರೆಯನ್ನು ನಮ್ಮ ಕಾಲದ ಮೊದಲ ಸಾಲಿನ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವನು) ಅಂತ ಬರೆದಿದ್ದೆ. ನಿಮಗೆ ಸರಿಬರಲಿಲ್ಲ. ಹುಟ್ಟುಹಬ್ಬಕ್ಕೆ ಕೇಕ್ ಕೊಡಲಿಲ್ಲ ಅಂತ ಮುನಿಸಿಕೊಂಡವನು ಅವನು, ಅವನದ್ದು ಬರೀ ಮೈಕಟ್ಟಿನ ಆಟ, ಎದುರಿಗೆ ಬಂದವರನ್ನು ನೂಕಿಕೊಂಡು ಹೋಗುತ್ತಿದ್ದ ಅಷ್ಟೇ ಅನ್ನೋದು ನಿಮ್ಮ ವಾದ. ಕೊನೇ ಪುಟದಲ್ಲಿ ಮನೆಯ ವಿಷಯ ಬರುತ್ತದೆ. ನಿಮ್ಮ ಮಗ ಶಾಲೆಯ ತಂಡದಲ್ಲಿ ಮಿಡ್‌ಫೀಲ್ಡ್ ಆಡುತ್ತಿದ್ದ. ಕೋಚ್ ಈಗ ಅವನನ್ನು ಸ್ಟಾಪರ್ ಬ್ಯಾಕ್ ಮಾಡಿದ್ದಾರೆ, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯೋ ಕೆಲಸ. ಹುಡುಗ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಮತ್ತು ಅವನ ರೂಮಿನ ಗೋಡೆ ಮೇಲಿರೋದೂ ಇದೇ ಯಾಯಾನ ಪೋಸ್ಟರ್! ಓಹೋ, ಸಿಟ್ಟು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು.

ಕೇಕಿನಿಂದಲೇ ಶುರು ಮಾಡೋಣ. 2014ರ ಮೇ 11ಕ್ಕೆ ಯಾಯಾ ಆಡುತ್ತಿದ್ದ ಮ್ಯಾಂಚೆಸ್ಟರ್ ಸಿಟಿ ಕ್ಲಬ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ಆ ಸೀಸನ್ನಿನಲ್ಲಿ ಯಾಯಾ ಲೀಗ್ ಪಂದ್ಯಗಳಲ್ಲೇ 20 ಗೋಲು ಹೊಡೆದಿದ್ದ. ಪ್ರೀಮಿಯರ್ ಲೀಗಿನಲ್ಲಿ ಅದಕ್ಕೆ ಮೊದಲು ಅಷ್ಟು ಗೋಲು ಮುಟ್ಟಿದ್ದ ಮಿಡ್‌ಫೀಲ್ಡರ್ ಚೆಲ್ಸಿಯ ಲ್ಯಾಂಪಾರ್ಡ್ ಒಬ್ಬನೇ. ಎರಡು ದಿನ ಬಿಟ್ಟು, ಮೇ 13ಕ್ಕೆ, ಯಾಯಾಗೆ 31 ತುಂಬಿತು. ಆಮೇಲೆ ಅವನ ಏಜೆಂಟ್ ಪತ್ರಿಕೆಯವರ ಮುಂದೆ ಗೋಳು ತೋಡಿಕೊಂಡ. ಮಾಲೀಕರು ಕೈ ಕುಲುಕಿ ಶುಭಾಶಯ ಕೂಡ ಹೇಳಲಿಲ್ಲವಂತೆ, ಬ್ರೆಜಿಲ್‌ನ ಆಟಗಾರ ರೊಬೆರ್ಟೊ ಕಾರ್ಲೋಸ್‌ಗೆ ರಷ್ಯಾದಲ್ಲಿ ಬುಗಾಟಿ ಕಾರೇ ಉಡುಗೊರೆ ಸಿಕ್ಕಿತ್ತಂತೆ. ಅಸಲಿಗೆ ಕ್ಲಬ್‌ನವರು ಟ್ವಿಟರ್‌ನಲ್ಲಿ ಶುಭ ಕೋರಿದ್ದರು, ಕೇಕೂ ತರಿಸಿದ್ದರು. ಯಾಯಾ ಮೊದಲು ‘ನನ್ನ ಬಾಯಿಂದ ಬರದ ಮಾತು ನಂಬಬೇಡಿ’ ಅನ್ನೋ ಹಾಗೆ ಬರೆದ, ಸ್ವಲ್ಪ ಹೊತ್ತಿಗೆ ‘ಏಜೆಂಟ್ ಹೇಳಿದ್ದೆಲ್ಲ ನಿಜ’ ಅಂತಲೂ ಬರೆದ. ಹೀಗೆ ಮಾಡಿದರೆ ಜನ ನಗದೆ ಇರ್ತಾರಾ? ನಾನೂ ನಕ್ಕಿದ್ದೆ.

ಒಂದು ತಿಂಗಳಾಯಿತು. ಜೂನ್ 19ಕ್ಕೆ ಬ್ರೆಜಿಲ್‌ನ ವಿಶ್ವಕಪ್‌ನಲ್ಲಿ ಐವರಿ ಕೋಸ್ಟ್ ಕೊಲಂಬಿಯಾಗೆ 2-1ರಲ್ಲಿ ಸೋತಿತು. ಅದೇ ದಿನ ಮ್ಯಾಂಚೆಸ್ಟರ್‌ನಲ್ಲಿ ಅವನ ತಮ್ಮ ಇಬ್ರಾಹಿಂ ತೀರಿಕೊಂಡ. ಕ್ಯಾನ್ಸರ್. ವಯಸ್ಸು 28. ಅವನೂ ಫುಟ್‌ಬಾಲ್ ಆಟಗಾರನೇ. ಅಣ್ಣ ಕೋಲೊ ಮತ್ತು ಯಾಯಾ ಇಬ್ಬರೂ ತಂಡ ಬಿಟ್ಟು ಹೋಗಲಿಲ್ಲ. ಐದು ದಿನ ಕಳೆದು ಗ್ರೀಸ್ ಎದುರು ಯಾಯಾ ಮೈದಾನಕ್ಕೆ ಇಳಿದ, ಕೊನೇ ಗಳಿಗೆಯ ಪೆನಾಲ್ಟಿಯಲ್ಲಿ ಸೋತು ತಂಡ ಹೊರಬಿತ್ತು. ಲೀಗ್ ಗೆದ್ದ ಮೇಲೆ ಸಾವಿನ ಹಾಸಿಗೆಯಲ್ಲಿದ್ದ ತಮ್ಮನ ಹತ್ತಿರ ನಾಲ್ಕೈದು ದಿನ ಇರೋಕೆ ರಜೆ ಸಿಗಲಿಲ್ಲ, ತುಂಬಾ ನೋವಾದದ್ದು ಅದಕ್ಕೆ ಅಂತ ಅವನು ಒಂದು ಸಂದರ್ಶನದಲ್ಲಿ ಹೇಳಿಕೊಂಡ. ಕೇಕಿನ ಜೋಕು ಇವತ್ತಿಗೂ ಓಡುತ್ತಿದೆ, ನಿಮ್ಮ ಕಾಗದದವರೆಗೂ ಬಂದಿದೆ. ಈ ಮಾತು ಅಷ್ಟು ದೂರ ಬರಲಿಲ್ಲ ನೋಡಿ.

ಹುಟ್ಟುಹಬ್ಬದ ಲೆಕ್ಕವೇ ಬೇಕು ಅಂದರೆ ಇನ್ನೆರಡು ಮೇ 13 ಇದೆ, ಕೇಳಿ. 2009ರಲ್ಲಿ ವೆಲೆನ್ಸಿಯಾದಲ್ಲಿ ಸ್ಪೇನ್‌ನ ಕಿಂಗ್ಸ್ ಕಪ್ ಫೈನಲ್ ನಡೆದದ್ದು ಅವತ್ತೇ. ಅಥ್ಲೆಟಿಕ್ ಬಿಲ್ಬಾವೊ ಮೊದಲು ಗೋಲು ಹೊಡೆದು ಬಾರ್ಸಿಲೋನಾ ಹಿಂದೆ ಬಿದ್ದಿತ್ತು. ಆಗ ಯಾಯಾ ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ಓಡಿ ದೂರದಿಂದ ಹೊಡೆದು ಸಮ ಮಾಡಿದ. ಪಂದ್ಯ 4-1. 2012ರ ಮೇ 13 ನಿಮಗೂ ನೆನಪಿರಬಹುದು, ಸಿಟಿಯ ಅಗುವೇರೊ ಕೊನೇ ನಿಮಿಷದಲ್ಲಿ ಗೋಲು ಹೊಡೆದು ಲೀಗ್ ಗೆಲ್ಲಿಸಿ ಅಂಗಿ ಬಿಚ್ಚಿ ತಿರುಗಿಸುತ್ತಾ ಓಡಿದ ದಿನ. ಆ ಪಂದ್ಯದ ಮೊದಲ ಗೋಲಿಗೆ ಜೊತೆಯ ಆಟಗಾರ ಜಬಲೇಟಾಗೆ ಪಾಸ್ ಕೊಟ್ಟವನು ಯಾಯಾ. ಕೊಟ್ಟ ಸ್ವಲ್ಪ ಹೊತ್ತಿಗೆ ಪೆಟ್ಟಾಗಿ ಹೊರಗೆ ಹೋದ, ಉಳಿದದ್ದನ್ನು ಬೆಂಚಿನ ಮೇಲಿಂದ ನೋಡಬೇಕಾಯಿತು.

ಈಗ ಮೈಕಟ್ಟಿನ ಮಾತು. ಇದರಲ್ಲಿ ನಿಮ್ಮ ಜೊತೆ ನನಗೆ ನಿಜವಾಗಿ ಜಗಳ ಇದೆ. ನಿಮ್ಮೊಬ್ಬರ ಜೊತೆ ಅಲ್ಲ, ಕಾಮೆಂಟರಿಯವರ ಜೊತೆಗೂ. ಸ್ಪೇನ್‌ನ ಹುಡುಗ ಒಳ್ಳೇ ಪಾಸ್ ಕೊಟ್ಟರೆ ‘ಏನು ತಲೆ!’ ಅಂತಾರೆ. ಅದೇ ಪಾಸನ್ನು ಪಶ್ಚಿಮ ಆಫ್ರಿಕಾದವನು ಕೊಟ್ಟರೆ ‘ಏನು ಬಲ!’ ಅಂತಾರೆ. ಯಾಯಾ ಆರಡಿ ಎರಡಂಗುಲದ ಆಳು, ಬಲ ಇತ್ತು, ಇಲ್ಲ ಅಂದವರು ಯಾರು? ಆದರೆ ಅವನು ಆಟ ಕಲಿತದ್ದು ಎಲ್ಲಿ, ಹೇಗೆ ಅಂತ ಒಮ್ಮೆ ನೋಡಿ.

ಹುಟ್ಟಿದ್ದು 1983ರಲ್ಲಿ, ಬುವಾಕೆ ಅನ್ನೋ ಊರಿನಲ್ಲಿ. ಬೆಳೆದದ್ದು ಅಬಿಜಾನ್‌ನ ಅಸೆಕ್ ಮಿಮೋಸಾ ಕ್ಲಬ್ಬಿನ ಅಕಾಡೆಮಿಯಲ್ಲಿ. ಅದನ್ನು ಕಟ್ಟಿದವನು ಫ್ರಾನ್ಸ್‌ನ ಹಳೇ ಆಟಗಾರ ಜಾನ್ ಮಾರ್ಕ್ ಗಿಯೂ. ಗಿಯೂ ಪದ್ಧತಿಯಲ್ಲಿ ಮಕ್ಕಳು ಮೊದಮೊದಲು ಬರಿಗಾಲಲ್ಲೇ ಆಡಬೇಕು. ಬಡತನಕ್ಕಲ್ಲ, ಪಾಠವೇ ಅದು. ಬೂಟು ಹಾಕಿದ್ದರೆ ಚೆಂಡನ್ನು ಹೇಗೆ ಒದ್ದರೂ ನಡೆಯುತ್ತದೆ. ಬರಿಗಾಲಲ್ಲಿ ಬೆರಳ ತುದಿಗೆ ತಗುಲಿದರೆ ಜೀವ ಹೋಗುತ್ತದೆ, ಹಾಗಾಗಿ ಪಾದದ ಯಾವ ಜಾಗದಲ್ಲಿ ಚೆಂಡು ಮುಟ್ಟಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಕಾಲು ತಾನಾಗೇ ಕಲಿಯುತ್ತದೆ. ಕೋಲೊ, ಎಬುಯೆ, ಜೊಕೊರಾ, ಸಲೊಮನ್ ಕಲೂ, ಜೆರ್ವಿನ್ಯೊ ಎಲ್ಲ ಅದೇ ಅಕಾಡೆಮಿಯ ಹುಡುಗರು. 1999ರಲ್ಲಿ ಆಫ್ರಿಕಾದ ಸೂಪರ್ ಕಪ್‌ಗೆ ಅಸೆಕ್ ಹೆಚ್ಚುಕಮ್ಮಿ ಅಕಾಡೆಮಿಯ ಹುಡುಗರನ್ನೇ ಇಳಿಸಿ, ಟುನೀಸಿಯಾದ ಎಸ್ಪೆರಾನ್ಸ್ ಕ್ಲಬ್ಬನ್ನು 3-1ರಲ್ಲಿ ಸೋಲಿಸಿತ್ತು. ಮೈಕಟ್ಟಿನಿಂದ ಗೆಲ್ಲೋ ವಯಸ್ಸಾ ಅದು?

ಅಲ್ಲಿಂದ ಯಾಯಾ ನೇರವಾಗಿ ದೊಡ್ಡ ಕ್ಲಬ್ಬಿಗೆ ಹೋಗಲಿಲ್ಲ. ಸುತ್ತಾಡಿದ ದಾರಿ ನೋಡಿದರೆ ಸುಸ್ತಾಗುತ್ತದೆ. 2001ರಲ್ಲಿ ಬೆಲ್ಜಿಯಂನ ಬೆವೆರೆನ್, ಅಲ್ಲೂ ಗಿಯೂ ಸಂಬಂಧವೇ. 2003ರ ಬೇಸಿಗೆಯಲ್ಲಿ ಅಣ್ಣ ಆಡುತ್ತಿದ್ದ ಆರ್ಸೆನಲ್‌ನಲ್ಲಿ ಟ್ರಯಲ್. ಬಾರ್ನೆಟ್ ಅನ್ನೋ ಸಣ್ಣ ಕ್ಲಬ್ ಎದುರು ಆಡಿಸಿದರು, ಅದೂ ಮುಂದಿನ ಸಾಲಿನಲ್ಲಿ. ಅವತ್ತು ಅವನು ತೀರಾ ಸಾಧಾರಣವಾಗಿ ಆಡಿದ ಅಂತ ಕೋಚ್ ವೆಂಗರ್ ಆಮೇಲೆ ಹೇಳಿದ್ದುಂಟು. ಆದರೂ ತೆಗೆದುಕೊಳ್ಳೋ ಮನಸ್ಸಿತ್ತು, ಕಾಗದಪತ್ರ ಮುಗಿಯಲಿಲ್ಲ, ಕಾಯೋಕೆ ಇವನಿಗೆ ತಾಳ್ಮೆ ಇರಲಿಲ್ಲ. ಉಕ್ರೇನ್‌ಗೆ ಹೋದ, ಮೆಟಲುರ್ಗ್ ಡೊನೆಟ್ಸ್ಕ್ ಕ್ಲಬ್ಬಿಗೆ. ಅದೇ ಸೀಸನ್ನಿನಲ್ಲಿ ಅಣ್ಣ ಆರ್ಸೆನಲ್ ಪರವಾಗಿ ಒಂದೂ ಸೋಲಿಲ್ಲದೆ ಲೀಗ್ ಗೆದ್ದ, ತಮ್ಮ ಡೊನೆಟ್ಸ್ಕ್‌ನ ಚಳಿಯಲ್ಲಿದ್ದ. ಆಮೇಲೆ ಗ್ರೀಸ್‌ನ ಒಲಿಂಪಿಯಾಕೋಸ್, ಅಲ್ಲಿ ಲೀಗೂ ಕಪ್ಪೂ. ಒಂದು ವರ್ಷ ಮೊನಾಕೊ. 2007ಕ್ಕೆ ಬಾರ್ಸಿಲೋನಾ. ಆರು ವರ್ಷದಲ್ಲಿ ಐದು ದೇಶದ ಲೀಗು, ಐದು ಭಾಷೆ.

ಈಗ ಒಂದು ಗೋಲು ತೋರಿಸುತ್ತೇನೆ. 2014ರ ಮಾರ್ಚ್ 2, ವೆಂಬ್ಲಿ, ಲೀಗ್ ಕಪ್ ಫೈನಲ್. ಸಿಟಿ ಎದುರು ಸಂಡರ್‌ಲ್ಯಾಂಡ್ 1-0 ಮುಂದಿದೆ, 55ನೇ ನಿಮಿಷ. ಜಬಲೇಟಾ ಚೆಂಡನ್ನು ಯಾಯಾಗೆ ಬಿಡುತ್ತಾನೆ. ಗೋಲು ಇನ್ನೂ 30 ಗಜ ದೂರ. ನಿಲ್ಲಿಸಿಕೊಳ್ಳುವುದಿಲ್ಲ, ಓಡಿ ಬಂದು ಬಾರಿಸುವುದೂ ಇಲ್ಲ. ಪಕ್ಕದಲ್ಲಿದ್ದವನಿಗೆ ಪಾಸ್ ಕೊಡುವ ಹಾಗೆ ಪಾದದ ಒಳಬದಿಯಿಂದ ಸುಮ್ನೆ ಸವರುತ್ತಾನೆ, ಅಷ್ಟೇ. ಚೆಂಡು ಎದ್ದು, ಬಾಗಿ, ಗೋಲ್‌ಕೀಪರ್ ತಲೆ ಮೇಲಿಂದ ದಾಟಿ ಬಲೆಗೆ ಇಳಿಯುತ್ತದೆ. ಮುಂದಿನ ನಿಮಿಷದಲ್ಲೇ ಸಿಟಿಯ ನಾಸ್ರಿ ಇನ್ನೊಂದು ಹೊಡೆದ, ಪಂದ್ಯ 3-1. ಆ ಸವರಿದ ಕಾಲಲ್ಲಿ ಮೈಕಟ್ಟು ಎಲ್ಲಿದೆ ತೋರಿಸಿ ನೋಡೋಣ. ಅದು ಅಬಿಜಾನ್‌ನ ಬರಿಗಾಲು ಅಂತ ನನಗನ್ನಿಸುತ್ತದೆ. ಪ್ರೀಮಿಯರ್ ಲೀಗಿನಲ್ಲಿ ಹೊಡೆದ 11 ಪೆನಾಲ್ಟಿಯಲ್ಲಿ 11 ಗೋಲು, ಅದೂ ಬಲದ ಲೆಕ್ಕ ಅಲ್ಲ.

ನೂಕಿಕೊಂಡು ಹೋದ ಗೋಲೂ ಇದೆ, ಒಪ್ಪುತ್ತೇನೆ. ಅದೇ ವರ್ಷದ ಮೇ ತಿಂಗಳಲ್ಲಿ ಆಸ್ಟನ್ ವಿಲಾ ಎದುರು ಪಂದ್ಯ ಮುಗಿಯುವ ಹೊತ್ತಿಗೆ ಮೈದಾನದ ತನ್ನ ಅರ್ಧದಿಂದ ಚೆಂಡು ಹಿಡಿದು ಓಡಿದ್ದು ನೋಡಿದರೆ, ಎದುರಿಗೆ ಸಿಕ್ಕ ಡಿಫೆಂಡರ್‌ಗಳ ಮೇಲೆ ಪಾಪ ಅನ್ನಿಸುತ್ತದೆ.

ಸಿಟಿಗೆ ಅವನು ಮಾಡಿದ್ದನ್ನು ಮ್ಯಾಂಚೆಸ್ಟರ್‌ನವರನ್ನೇ ಕೇಳಬೇಕು. 2010ರಲ್ಲಿ ಅವನು ಬರುವಾಗ ಆ ಕ್ಲಬ್ 1976ರಿಂದ ಒಂದು ದೊಡ್ಡ ಕಪ್ಪೂ ಗೆದ್ದಿರಲಿಲ್ಲ. ಪಕ್ಕದ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಅಣಕಕ್ಕೆ ವರ್ಷ ಎಣಿಸೋ ಬ್ಯಾನರ್ ಒಂದನ್ನು ತಮ್ಮ ಸ್ಟೇಡಿಯಂನಲ್ಲೇ ನೇತುಹಾಕಿದ್ದರು. 2011ರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಅದೇ ಯುನೈಟೆಡ್ ಎದುರು 1-0, ಗೋಲು ಯಾಯಾದು. ಫೈನಲ್‌ನಲ್ಲಿ ಸ್ಟೋಕ್ ಎದುರು 1-0, ಗೋಲು ಯಾಯಾದು. ಬ್ಯಾನರ್ ಕೆಳಗಿಳಿಯಿತು.

ಇನ್ನು ನಿಮ್ಮ ಮಗನ ವಿಷಯ. 2009ರ ಮೇ 27, ರೋಮ್, ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾದ ಡಿಫೆನ್ಸ್ ಪೂರ್ತಿ ಚೆಲ್ಲಾಪಿಲ್ಲಿ. ಆಲ್ವೆಸ್ ಮತ್ತು ಅಬಿಡಾಲ್ ಇಬ್ಬರಿಗೂ ನಿಷೇಧ, ಮಾರ್ಕೆಜ್‌ಗೆ ಪೆಟ್ಟು. ಕೋಚ್ ಗಾರ್ಡಿಯೋಲಾ ಯಾರನ್ನು ಸ್ಟಾಪರ್ ಮಾಡಿದ ಹೇಳಿ? ಯಾಯಾನನ್ನು. ಎದುರಿಗೆ ಯುನೈಟೆಡ್‌ನ ರೊನಾಲ್ಡೊ, ರೂನಿ. ಮಿಡ್‌ಫೀಲ್ಡ್‌ನಲ್ಲಿ ಅವನ ಜಾಗಕ್ಕೆ ಬುಸ್ಕೆಟ್ಸ್ ಅನ್ನೋ 20ರ ಹುಡುಗ. ಯುನೈಟೆಡ್‌ಗೆ ಒಂದೂ ಗೋಲು ಸಿಗಲಿಲ್ಲ, 2-0. ಈ ಕಥೆಯ ಬಾಲವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಬುಸ್ಕೆಟ್ಸ್ ಆ ಜಾಗ ಬಿಟ್ಟುಕೊಡಲೇ ಇಲ್ಲ, ಒಂದು ವರ್ಷಕ್ಕೆ ಯಾಯಾ ಸಿಟಿಗೆ ಹೊರಟ. ಆದರೆ ಅಲ್ಲಿ ತಿರುಗುಮುರುಗು ಆಯಿತು. 2012ರ ಮೇ 6ಕ್ಕೆ ನ್ಯೂಕಾಸಲ್‌ನಲ್ಲಿ ಗೆಲ್ಲಲೇಬೇಕಾದ ಪಂದ್ಯ 0-0ಯಲ್ಲಿ ಸಿಕ್ಕಿಕೊಂಡಿತ್ತು. ಕೋಚ್ ಮಾನ್ಸಿನಿ ಹಿಂದೆ ಕಾಯೋಕೆ ಡಿ ಯಾಂಗ್‌ನನ್ನು ಮೈದಾನಕ್ಕೆ ಇಳಿಸಿ ಯಾಯಾನನ್ನು ಮುಂದಕ್ಕೆ ತಳ್ಳಿದ. ಎರಡೂ ಗೋಲು ಇವನದೇ.

ಅವನ ದೋಷಗಳ ಬಗ್ಗೆ ನಿಮ್ಮ ಮಾತಿನಲ್ಲಿ ಹುರುಳಿದೆ. ವಯಸ್ಸಾದ ಮೇಲೆ ಚೆಂಡು ಕಳೆದುಕೊಂಡರೆ ಹಿಂದಕ್ಕೆ ಓಡೋದು ಕಮ್ಮಿ ಮಾಡಿದ್ದ, ನೋಡುವವರಿಗೆ ಹೊಟ್ಟೆ ಉರಿಯುತ್ತಿತ್ತು. 2011ರಿಂದ ನಾಲ್ಕು ವರ್ಷ ಆಫ್ರಿಕಾದ ವರ್ಷದ ಆಟಗಾರ ಪ್ರಶಸ್ತಿ ಅವನಿಗೇ ಬಂದಿತ್ತು. ಐದನೇ ವರ್ಷ ಔಬಮೆಯಾಂಗ್‌ಗೆ ಹೋದಾಗ ಇದು ಆಫ್ರಿಕಾಕ್ಕೇ ನಾಚಿಕೆಗೇಡು ಅನ್ನೋ ಥರ ಮಾತಾಡಿದ, ಕೇಳೋಕೆ ಚೆನ್ನಾಗಿರಲಿಲ್ಲ. 2016ರಲ್ಲಿ ಏಜೆಂಟ್ ಮತ್ತೆ ಬಾಯಿ ಬಿಟ್ಟು, ಅಷ್ಟರಲ್ಲಿ ಸಿಟಿಗೆ ಕೋಚ್ ಆಗಿ ಬಂದಿದ್ದ ಗಾರ್ಡಿಯೋಲಾ ಇವನನ್ನು ಹೊರಗೆ ಕೂರಿಸಿ, ಕೊನೆಗೆ ಯಾಯಾನೇ ಕ್ಷಮೆ ಕೇಳಬೇಕಾಯಿತು. ಕೇಳಿ ಬಂದವನು ಕ್ರಿಸ್ಟಲ್ ಪ್ಯಾಲೆಸ್ ಎದುರು ಎರಡು ಗೋಲು ಹೊಡೆದು ಪಂದ್ಯ ಗೆಲ್ಲಿಸಿದ ಅನ್ನೋದು ಬೇರೆ ಮಾತು. ಮುಂಗೋಪಿ, ಹೌದು. ಜಂಬಗಾರ ಅಂತ ಮಾತ್ರ ನಾನು ಹೇಳಲಾರೆ. 2012ರಲ್ಲಿ ಒಂದು ಪಂದ್ಯ ಮುಗಿದ ಮೇಲೆ ಟೀವಿ ಮುಂದೆ ಬಹುಮಾನದ ಶಾಂಪೇನ್ ಬಾಟಲಿ ಕೊಟ್ಟರು. ಮುಸ್ಲಿಂ, ಕುಡಿಯೋದಿಲ್ಲ ಅಂತ ನಕ್ಕು ಪಕ್ಕದಲ್ಲಿದ್ದ ಲೆಸ್ಕಾಟ್ ಕೈಗೆ ಕೊಟ್ಟುಬಿಟ್ಟ.

ದೇಶದ ಪರ ಅವನ ಕಥೆ ಬರೆದರೆ ಇನ್ನೊಂದು ಸಂಚಿಕೆ ಬೇಕು. 2012ರ ಆಫ್ರಿಕಾ ಕಪ್‌ನಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಫೈನಲ್‌ಗೆ ಬಂದು, ಟೈಬ್ರೇಕರ್‌ನಲ್ಲಿ, ಅಂದರೆ ಪೆನಾಲ್ಟಿ ಹೊಡೆತಗಳಲ್ಲಿ, ಜಾಂಬಿಯಾಗೆ ಸೋತರು. 2015ರಲ್ಲಿ ಯಾಯಾ ಕ್ಯಾಪ್ಟನ್, ಫೈನಲ್ ಘಾನಾ ಎದುರು, ಮತ್ತೆ 0-0, ಮತ್ತೆ ಟೈಬ್ರೇಕರ್. ಐವರಿ ಕೋಸ್ಟ್‌ನ ಮೊದಲ ಎರಡು ಹೊಡೆತ ವ್ಯರ್ಥ. ಆಮೇಲೆ ಹೊಡೆದವರೆಲ್ಲ ಸರಿಯಾಗಿ ಹೊಡೆದು ಕೊನೆಗೆ ಗೋಲ್‌ಕೀಪರ್ ಬಾರಿ ಅನ್ನೋವನ ಸರದಿಯೂ ಬಂತು. ಘಾನಾ ಕೀಪರ್‌ನ ಹೊಡೆತ ತಡೆದವನೂ ಬಾರಿಯೇ, ಮರುಕ್ಷಣ ತಾನೇ ಹೊಡೆದು 9-8ಕ್ಕೆ ಕಪ್ ಗೆಲ್ಲಿಸಿದವನೂ ಬಾರಿಯೇ. ಅವನೂ ಆ ಬರಿಗಾಲಿನ ಅಕಾಡೆಮಿಯವನು.

ಒಂದು ಕೆಲಸ ಮಾಡಿ. ಭಾನುವಾರ ಮಗನ ಪಕ್ಕ ಕೂತು ಆ ರೋಮ್ ಫೈನಲ್ ಹಾಕಿ, ಕಾಮೆಂಟರಿ ಸೌಂಡ್ ತೆಗೆದುಬಿಡಿ. ಬಾರ್ಸಿಲೋನಾದಲ್ಲಿ ಅವನ ನಂಬರ್ 24, ಸಿಟಿಗೆ ಬಂದ ಮೇಲೆ ಅದನ್ನೇ ತಿರುಗಿಸಿ 42 ಮಾಡಿಕೊಂಡಿದ್ದ. ಮೊದಲ ಹತ್ತು ನಿಮಿಷ ಚೆಂಡನ್ನು ಬಿಟ್ಟು ಆ 24ರ ಬೆನ್ನನ್ನೇ ನೋಡಿ, ಎಲ್ಲಿ ನಿಲ್ಲುತ್ತಾನೆ, ಯಾವಾಗ ಕತ್ತು ತಿರುಗಿಸುತ್ತಾನೆ ಅಂತ. ಹುಡುಗ ಊಟ ಮಾಡಿದನಾ ಅಂತ ಕಾಗದ ಬರೀರಿ. ಈ ಸಲ ಎರಡು ಪುಟ ಸಾಕು.

ಸಂಪಾದಕ