ಹಳೇ ವಠಾರದ ರಿಪೇರಿಗೆ ದುಡ್ಡು ಎಲ್ಲಿಂದ ತರೋದು?

ಸರ್, ದಾವಣಗೆರೆ ಕೆ.ಟಿ.ಜೆ. ನಗರದಲ್ಲಿ ಅಪ್ಪ ಬಿಟ್ಟುಹೋದ ಆರು ಮನೆ ವಠಾರ, ಮನೆಗೆ 2,500 ಬಾಡಿಗೆ, ಹೆಂಚು ಸೋರುತ್ತೆ, ರಿಪೇರಿಗೆ 3 ಲಕ್ಷ ಹೇಳ್ತಿದ್ದಾರೆ, ಸರ್ಕಾರದಿಂದ ಏನಾದರೂ ಸಿಗುತ್ತಾ ಇಲ್ಲ ಕೆಡವಿಬಿಡಲಾ ಅಂತ ಕೇಳಿದ್ದೀರಿ. ಆವಾಸ್ ಯೋಜನೆ ನಂಬಿಕೊಂಡು ಕೂರಬೇಡಿ. ಅದು ಸ್ವಂತ ಪಕ್ಕಾ ಮನೆ ಇಲ್ಲದವರಿಗೆ.

ಬ್ಯಾಂಕಲ್ಲಿ ಮನೆ ರಿಪೇರಿಗೆ ಅಂತಲೇ ಸಾಲ ಇದೆ, ಅದನ್ನು ಕೇಳಿ. ಪರ್ಸನಲ್ ಲೋನ್ ಬೇಡ, ಬಡ್ಡಿ ಜಾಸ್ತಿ. ಮೊದಲು ವಠಾರದ ಖಾತೆ ನಿಮ್ಮ ಹೆಸರಿಗೆ ಮಾಡಿಸಿ. ಕಂದಾಯದ ರಸೀದಿ, ಎಂಜಿನಿಯರ್ ಎಸ್ಟಿಮೇಟ್ ಕೇಳುತ್ತಾರೆ. 9% ಬಡ್ಡಿ ಅಂತ ಹಿಡಿದರೂ 5 ವರ್ಷಕ್ಕೆ ತಿಂಗಳ ಕಂತು 6,200 ಚಿಲ್ಲರೆ, ಬಾಡಿಗೆ 15,000 ಬರುತ್ತೆ ಅಲ್ವಾ? ಇನ್ಕಮ್ ಟ್ಯಾಕ್ಸಲ್ಲೂ, ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ 30%, ನೀವು ರಿಪೇರಿ ಮಾಡಿಸಿದರೂ ಬಿಟ್ಟರೂ, ವಿನಾಯಿತಿ ಇದೆ. ಸಾಲದ ಬಡ್ಡಿಯನ್ನೂ ಬಾಡಿಗೆ ಆದಾಯದಲ್ಲಿ ಕಳೆಯಬಹುದು.

ಆದರೆ ದುಡ್ಡು ಕೈಗೆ ಬಂದಮೇಲೆ ಹುಷಾರು. ನಮ್ಮ ಮಣ್ಣಿನ ಗೋಡೆಗೆ ಮೇಸ್ತ್ರಿ ಮಾತು ಕೇಳಿ ಸಿಮೆಂಟ್ ಬಳಿಸಿದೆ. ತೇವ ಒಳಗೇ ನಿಂತು ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಸುಣ್ಣದ ಗಾರೆಯೇ ಸರಿ. ಸುಮ್ನೆ ಹೆಂಚು ಬದಲಿಸಬೇಡಿ, ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಚಾಕು ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಅದನ್ನೇ ಮೊದಲು ತೆಗೆಸಿ.

ಕೆಡವಿದರೆ ಮಂಡಕ್ಕಿ ಭಟ್ಟಿ ಕೆಲಸದವರಿಗೆ 2,500ಕ್ಕೆ ಇನ್ನೆಲ್ಲಿ ಮನೆ ಸಿಗುತ್ತೆ? ಒಂದು ಮನೆ ಖಾಲಿಯಾದಾಗ ಅದನ್ನು ಮೊದಲು ಮುಗಿಸಿ, ಪಕ್ಕದವರನ್ನು ಅಲ್ಲಿಗೆ ಕಳಿಸಿ ಅವರದ್ದು ಬಿಚ್ಚಿಸಿ. ಜೂನ್ ಒಳಗೆ.