ಅಣ್ಣನೂ ನಾನೂ ಒಂದೇ ಊಟ, ಒಂದೇ ಓಟ. ಅವನ ಹೊಟ್ಟೆ ಕರಗಿತು, ನನ್ನ ತೊಡೆ ಕರಗಲಿಲ್ಲ. ತಪ್ಪು ಜೀನ್‌ನದಾ, ನನ್ನದಾ?

ನೀವು ಬರೆದದ್ದೇ ನಮ್ಮನೆಯಲ್ಲೂ ಆಗಿದ್ದು. ಏಪ್ರಿಲ್‌ನಲ್ಲಿ ಕೊಡವರ ಹಾಕಿ ಪಂದ್ಯ, ನಮ್ಮ ಒಕ್ಕದ (ಮನೆತನದ) ತಂಡದಲ್ಲಿ ಅಣ್ಣನ ಜೊತೆ ನಾನೂ ಇದ್ದೆ. ಅವನು ಅಕ್ಕಿ ರೊಟ್ಟಿ, ಪಂದಿಕರಿ ಬಿಟ್ಟು ತೋಟದ ಏರಿನಲ್ಲಿ ಓಡತೊಡಗಿದ. ನಾನೂ ಹಿಂದೆಯೇ ಓಡಿದೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅವನ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯಿತು. ನನ್ನ ಕೆನ್ನೆ ಬತ್ತಿತು, ತೊಡೆ ಹಾಗೇ ಇತ್ತು. ಕಾಚಂಪುಳಿ (ಕೊಡಗಿನ ಹುಳಿ ರಸ) ಬೆರೆಸಿದ ನೀರನ್ನೂ ಕುಡಿದೆ. ಎದೆಯುರಿ ಬಂತು, ಅಷ್ಟೇ.

ನಾನು ಕೆಟ್ಟಿದ್ದು ಅವನ ಚೀಟಿಯಿಂದ. ಜಿಮ್‌ನವರು ಅವನಿಗೆ 'ಕೊಬ್ಬು ಶೇ. 12' ಅಂತ ಬರೆದುಕೊಟ್ಟಿದ್ದರು. ಫ್ರಿಜ್ ಮೇಲೆ ಅಂಟಿಸಿದ್ದ. ಅದನ್ನೇ ನನ್ನ ಗುರಿ ಮಾಡಿಕೊಂಡೆ. ಗಂಡಸಿನ ದೇಹಕ್ಕೆ ಬೇಕೇ ಬೇಕಾದ ಕೊಬ್ಬು ಶೇ. 3ರ ಆಸುಪಾಸು, ಹೆಣ್ಣಿಗೆ ಸುಮಾರು 12. ಅಂದರೆ 12ಕ್ಕೆ ಇಳಿದರೂ ಅವನ ಕೈಯಲ್ಲಿ ಇನ್ನೂ 9 ಉಳಿಯುತ್ತಿತ್ತು, ನನ್ನ ಕೈಯಲ್ಲಿ ಏನೂ ಇಲ್ಲ. ಇದು ಗೊತ್ತಿಲ್ಲದೆ ತುಪ್ಪ ಬಿಟ್ಟೆ, ಅನ್ನ ಬಿಟ್ಟೆ, ಕೊನೆಗೆ ರಾತ್ರಿ ಊಟವನ್ನೇ ಬಿಟ್ಟೆ. ಮುಟ್ಟು ನಿಂತಿತು. ಅವ್ವ ಕೇಳಿದಾಗ 'ಆಗಿದೆ' ಅಂತ ಸುಳ್ಳು ಹೇಳಿದೆ. ಪಂದ್ಯಕ್ಕೆ ಮುಂಚೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು! ಊಟ ಸಾಲದೆ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿದಿದೆ, ಅದಕ್ಕೇ ಮೂಳೆ ಸೋತಿದೆ ಅಂದರು ಮಡಿಕೇರಿಯ ಡಾಕ್ಟರಮ್ಮ. ಆ ವರ್ಷ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಜೀನ್ ಪಾತ್ರ ಇದೆ. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಕೊಬ್ಬು ಎಲ್ಲಿ ಕೂರುತ್ತದೆ ಅನ್ನುವುದನ್ನು ತೋರಿಸುವ ಸೊಂಟ-ನಿತಂಬದ ಅನುಪಾತಕ್ಕೆ ಸಂಬಂಧಪಟ್ಟ 49 ಜೀನ್ ತಾಣಗಳನ್ನು ಗುರುತಿಸಿತು. ಅವುಗಳಲ್ಲಿ 20ರ ಪ್ರಭಾವ ಗಂಡು-ಹೆಣ್ಣಿಗೆ ಬೇರೆ ಬೇರೆ, ಆ 20ರಲ್ಲಿ 19 ಹೆಂಗಸರಲ್ಲೇ ಜೋರು. ಅಪ್ಪ-ಅಮ್ಮನಿಂದ ಅಣ್ಣನಿಗೆ ಬಂದದ್ದೇ ನಿಮಗೆ ಬಂದಿದ್ದರೂ ಅದು ನಿಮ್ಮ ಮೈಯಲ್ಲಿ ಮಾಡುವ ಕೆಲಸ ಬೇರೆ ಇರಬಹುದು. ಅದರ ಮೇಲೆ ಈಸ್ಟ್ರೋಜನ್ ಕೊಬ್ಬನ್ನು ತೊಡೆ, ನಿತಂಬದ ಕಡೆಗೇ ಕಳಿಸುತ್ತದೆ. ಮುಟ್ಟು ನಿಂತ ವಯಸ್ಸಿನಲ್ಲಿ ಅದು ಇಳಿಯುತ್ತದೆ, ಹೊಟ್ಟೆ ಬರುವುದು ಅದಕ್ಕೇ.

ಆದರೆ 'ತಪ್ಪು' ಅನ್ನುವ ಮಾತನ್ನೇ ನಾನು ಒಪ್ಪಲ್ಲ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ದಾರಿ ಮಾಡುವುದು ಹೊಟ್ಟೆಯೊಳಗಿನ ಕೊಬ್ಬು, ತೊಡೆಯದ್ದಲ್ಲ. ಟೇಪ್ ಹಿಡಿದು ಸೊಂಟ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90. ಅದರೊಳಗಿದ್ದರೆ ತೊಡೆಯ ಚಿಂತೆ ಬಿಡಿ. ತೊಡೆ ಒಂದನ್ನೇ ಕರಗಿಸಿಕೊಡುತ್ತೇವೆ ಅನ್ನುವವರಿಗೆ ದುಡ್ಡು ಸುರಿಯಬೇಡಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಮುಟ್ಟು ಸರಿಯಾಗಿ ಆಗುತ್ತಿದೆಯಾ? ಮೂರು ತಿಂಗಳು ತಪ್ಪಿದ್ದರೆ ಓಟ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ. ಊಟ ಬಿಟ್ಟದ್ದನ್ನು ಅವರ ಹತ್ತಿರ ಮುಚ್ಚಿಡಬೇಡಿ.